ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಮ್ಮಿ ಅಂತಾರಲ್ಲ, ಇದು ಹೇಗೆ?

ಸುಮ್ನೆ_ಕೇಳ್ದೆ:

ಅಕ್ಕನ ರಕ್ತ ಪರೀಕ್ಷೆಯ ರಿಪೋರ್ಟ್ ಬಂದಿದೆ. ಟಿಎಸ್‌ಎಚ್ 8.6, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಫ್ರೀ ಟಿ4 ಮಾತ್ರ ಅವರು ಕೊಟ್ಟ ಮಿತಿಯೊಳಗೇ ಇದೆ. ಹೈ ಅಂತ ಬರೆದಿದ್ದರೂ ಡಾಕ್ಟರ್ ಹೇಳಿದ್ದು, "ಥೈರಾಯ್ಡ್ ಸ್ವಲ್ಪ ನಿಧಾನ ಆದಂತಿದೆ, ಈಗಲೇ ಮಾತ್ರೆ ಬೇಡ, ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ" ಅಂತ.

ಚಿಕಿತ್ಸೆಯ ವಿಷಯ ಡಾಕ್ಟರ್ ನೋಡಿಕೊಳ್ಳುತ್ತಾರೆ, ಅದನ್ನು ಇಲ್ಲಿ ಕೇಳುತ್ತಿಲ್ಲ. ನನಗೆ ತಲೆಗೆ ಹತ್ತದಿರುವುದು ಒಳಗಿನ ಲೆಕ್ಕಾಚಾರ. ಹಾರ್ಮೋನ್ ಎಷ್ಟಿದೆ ಅಂತ ದೇಹದಲ್ಲಿ ಅಳೆಯುವವರು ಯಾರು? ಕಮ್ಮಿ ಆಯ್ತು, ಇನ್ನಷ್ಟು ಮಾಡು ಅಂತ ಹೇಳುವವರು ಯಾರು? ಬೇಕಾದಾಗ ಆಗಿಂದಾಗ್ಗೆ ತಯಾರಾಗುತ್ತಾ, ಇಲ್ಲಾ ಎಲ್ಲಾದರೂ ದಾಸ್ತಾನು ಇರುತ್ತಾ? ಮತ್ತೆ ಈ ಎರಡು ತಿಂಗಳು ಯಾಕೆ, ಮುಂದಿನ ವಾರವೇ ನೋಡಿದರೆ ಏನಾಗುತ್ತೆ?

ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ಮೇಷ್ಟ್ರು:

ಮೊದಲು ಒಂದು ಗಂಟು ಬಿಚ್ಚೋಣ. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಅದು ಪಿಟ್ಯುಟರಿ ಗ್ರಂಥಿಯದು. ಮೂಗಿನ ಹಿಂದೆ, ಮೆದುಳಿನ ಕೆಳಗೆ ಎಲುಬಿನ ಒಂದು ಸಣ್ಣ ಗುಳಿಯಲ್ಲಿ ಕೂತಿರುವ, ಅರ್ಧ ಗ್ರಾಂ ತೂಗುವ ಗ್ರಂಥಿ. ಥೈರಾಯ್ಡ್‌ಗೆ "ಕೆಲಸ ಮಾಡು" ಅಂತ ಅದು ಹಾಕುವ ಕೂಗು ಟಿಎಸ್‌ಎಚ್. ಕೇಳಬೇಕಾದವನು ನಿಧಾನ ಆದಷ್ಟೂ ಕೂಗು ಜೋರಾಗುತ್ತದೆ. ರಿಪೋರ್ಟಿನಲ್ಲಿ ‘ಹೈ’ ಅಂತ ಇರುವುದು ಕೂಗು, ಕೆಲಸ ಅಲ್ಲ.

ಈಗ, ಅಳೆಯುವವರು ಯಾರು? ಯಾರೂ ಇಲ್ಲ, ಇದರ ಸೊಗಸೇ ಅದು. ಥೈರಾಯ್ಡ್ ಮಾಡುವ ಮುಖ್ಯ ಹಾರ್ಮೋನ್ ಟಿ4, ರಕ್ತದಲ್ಲಿರುವ ಅದು ಪಿಟ್ಯುಟರಿಯ ಜೀವಕೋಶದೊಳಗೆ ಹೋಗುತ್ತದೆ. ಅಲ್ಲಿ ಒಂದು ಅಯೋಡಿನ್ ಕಳೆದುಕೊಂಡು ಟಿ3 ಅನ್ನುವ ಹಾರ್ಮೋನ್ ಆಗುತ್ತದೆ. ಆ ಟಿ3 ಜೀವಕೋಶದ ಕೇಂದ್ರಕ್ಕೆ ಹೋಗಿ ತನ್ನ ರಿಸೆಪ್ಟರ್ (ಅದು ಕೂರಲೆಂದೇ ಇರುವ ಪ್ರೋಟೀನ್) ಮೇಲೆ ಕೂರುತ್ತದೆ, ಕೂತರೆ ಟಿಎಸ್‌ಎಚ್ ತಯಾರಿಸುವ ಜೀನ್‌ನ ಕೆಲಸ ತಗ್ಗುತ್ತದೆ. ಅಷ್ಟೇ. ಟಿ3 ಕಮ್ಮಿಯಾದರೆ ಆ ತಡೆ ಸಡಿಲ ಆಗಿ ಟಿಎಸ್‌ಎಚ್ ತಾನಾಗೇ ಏರುತ್ತದೆ. ಒಬ್ಬರು ಅಳೆದು, ಇನ್ನೊಬ್ಬರು ತೀರ್ಮಾನ ಮಾಡಿ, ಮೂರನೆಯವರು ಆಜ್ಞೆ ಕೊಡುವ ಪದ್ಧತಿ ಇಲ್ಲಿಲ್ಲ. ಅಳತೆ, ತೀರ್ಮಾನ, ಆಜ್ಞೆ ಮೂರೂ ಆ ಒಂದು ಕೂರುವಿಕೆಯಲ್ಲೇ ಮುಗಿಯುತ್ತದೆ.

ಪಿಟ್ಯುಟರಿಯ ಮೇಲೆ ಮೆದುಳಿನ ಹೈಪೋಥಲಾಮಸ್ ಅನ್ನುವ ಭಾಗ ಇದೆ. ಅದು ಟಿಆರ್‌ಎಚ್ ಅನ್ನುವ ಹಾರ್ಮೋನ್ ಬಿಟ್ಟು ಟಿಎಸ್‌ಎಚ್ ಬಿಡಲು ಪಿಟ್ಯುಟರಿಗೆ ಹೇಳುತ್ತದೆ. ಇವೆರಡರ ನಡುವೆ ಪ್ರತ್ಯೇಕ ಸಣ್ಣ ರಕ್ತನಾಳಗಳೇ ಇವೆ, ಹಾಗಾಗಿ ತುಂಬಾ ಕಡಿಮೆ ಪ್ರಮಾಣ ಸಾಕು, ಇಡೀ ದೇಹ ಸುತ್ತಿ ಬರಬೇಕಿಲ್ಲ. ಟಿಆರ್‌ಎಚ್ ಅಂದರೆ ಬರೀ ಮೂರು ಅಮೈನೋ ಆಮ್ಲ. ಇಷ್ಟು ಸಣ್ಣದನ್ನು ಹಿಡಿಯಲು ರೋಜರ್ ಗಿಲ್ಲೆಮಿನ್ ತಂಡ ರಾಶಿ ರಾಶಿ ಕುರಿಗಳ ಹೈಪೋಥಲಾಮಸ್ ಅರೆಯಿತು, ಆಂಡ್ರ್ಯೂ ಶಾಲಿ ತಂಡ ಹಂದಿಗಳದ್ದು ಅರೆಯಿತು. ಇಬ್ಬರ ನಡುವೆ ವರ್ಷಗಟ್ಟಲೆ ಜಿದ್ದು. 1969ರಲ್ಲಿ ರಚನೆ ಗೊತ್ತಾಯಿತು, 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಕ್ಕನಿಗೆ ಟಿ4 ಸರಿ ಇದ್ದೂ ಟಿಎಸ್‌ಎಚ್ ಏರಿರುವುದಕ್ಕೆ ಕಾರಣ ಪಿಟ್ಯುಟರಿಯ ಸೂಕ್ಷ್ಮತೆ. ಫ್ರೀ ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟು ಏರಬಹುದು ಅಂತ ಪಠ್ಯಗಳಲ್ಲಿ ಹೇಳುತ್ತಾರೆ. ಟಿ4ನಲ್ಲಿ ಕಣ್ಣಿಗೆ ಬೀಳದಷ್ಟು ಇಳಿತ ಆದರೂ ಟಿಎಸ್‌ಎಚ್‌ನಲ್ಲಿ ಎದ್ದು ಕಾಣುತ್ತದೆ. ಆದರೆ ಇದು ಪಿಟ್ಯುಟರಿ ನೆಟ್ಟಗಿದ್ದಾಗ ಮಾತ್ರ ನಂಬುವ ಲೆಕ್ಕ. ಟಿ4 ಕಮ್ಮಿ ಇದ್ದೂ ಟಿಎಸ್‌ಎಚ್ ಏರದಿದ್ದರೆ ತೊಂದರೆ ಮೇಲೆಯೇ ಇರಬಹುದು, ಆಗ ಟಿಎಸ್‌ಎಚ್ ಒಂದನ್ನೇ ನೋಡಿ ಎಲ್ಲ ಸರಿ ಇದೆ ಅಂದರೆ ಕಥೆ ಮುಗಿಯಿತು.

ದಾಸ್ತಾನಿನ ವಿಷಯ. ಥೈರಾಯ್ಡ್ ಇದರಲ್ಲಿ ಎಲ್ಲರಿಗಿಂತ ಬೇರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡಗಿನ ಪುಟ್ಟ ಚೀಲಗಳು, ಸುತ್ತ ಒಂದೇ ಸಾಲು ಜೀವಕೋಶ, ನಡುವೆ ಅಂಟು ದ್ರವ. ಜೀವಕೋಶಗಳು ರಕ್ತದಿಂದ ಅಯೋಡಿನ್ ಎಳೆದುಕೊಂಡು ಆ ದ್ರವದಲ್ಲಿರುವ ಥೈರೋಗ್ಲೋಬ್ಯುಲಿನ್ ಅನ್ನುವ ದೊಡ್ಡ ಪ್ರೋಟೀನಿಗೆ ಅಂಟಿಸುತ್ತವೆ. ನಾಲ್ಕು ಅಯೋಡಿನ್ ಇದ್ದರೆ ಟಿ4, ಮೂರಿದ್ದರೆ ಟಿ3. ಹೀಗೆ ಎರಡು ಮೂರು ತಿಂಗಳಿಗಾಗುವಷ್ಟು ಅಲ್ಲೇ ಇರುತ್ತದೆ. ಟಿಎಸ್‌ಎಚ್ ಬಂದಾಗ ಜೀವಕೋಶ ಆ ದ್ರವವನ್ನು ಗುಟುಕು ಗುಟುಕಾಗಿ ವಾಪಸ್ ನುಂಗಿ, ಪ್ರೋಟೀನ್ ಕತ್ತರಿಸಿ, ಟಿ4 ಬಿಡಿಸಿ ರಕ್ತಕ್ಕೆ ಬಿಡುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ, ಆದರೆ ಅದು ಇಲ್ಲದಿದ್ದರೆ ಇಷ್ಟೆಲ್ಲ ಯಂತ್ರ ಇದ್ದೂ ಪ್ರಯೋಜನ ಇಲ್ಲ.

ಎರಡು ತಿಂಗಳು ಯಾಕೆ ಅಂದರೆ, ಟಿ4 ರಕ್ತದಲ್ಲಿ ಅರ್ಧ ಆಗಲು ಸುಮಾರು ಒಂದು ವಾರ ಬೇಕು. ಏನೇ ಬದಲಾದರೂ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು ಇನ್ನೂ ಸ್ವಲ್ಪ. ಇನ್ನೊಂದು ಕಾರಣವೂ ಇದೆ. ಜೋರು ಜ್ವರವೋ ಬೇರೆ ಕಾಯಿಲೆಯೋ ಬಂದು ವಾಸಿ ಆಗುವ ಹೊತ್ತಿನಲ್ಲಿ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರಿ ಆಮೇಲೆ ತಾನೇ ಇಳಿಯುವುದುಂಟು. ಮುಂದಿನ ವಾರ ನೋಡಿದರೆ ಎರಡೂ ಗೊತ್ತಾಗಲ್ಲ.

ಲ್ಯಾಬ್_ಕೋಟು:

ಮೇಷ್ಟ್ರು ಒಳಗಿನದು ಹೇಳಿದ್ದಾರೆ, ನಾನು ಸಂಖ್ಯೆಯ ಬಗ್ಗೆ ಹೇಳುತ್ತೇನೆ, ದಿನವೂ ಇದೇ ನನ್ನ ಕೆಲಸ.

ಟಿಎಸ್‌ಎಚ್ ದಿನವಿಡೀ ಒಂದೇ ಸಮ ಇರಲ್ಲ. ನಡುರಾತ್ರಿಯಿಂದ ನಸುಕಿನವರೆಗೆ ಜಾಸ್ತಿ, ಮಧ್ಯಾಹ್ನ ಕಮ್ಮಿ. ಒಮ್ಮೆ ಬೆಳಿಗ್ಗೆ ಕೊಟ್ಟು ಇನ್ನೊಮ್ಮೆ ಮಧ್ಯಾಹ್ನ ಕೊಟ್ಟರೆ "ಅರೆ, ಇಳಿದುಬಿಟ್ಟಿದೆ" ಅಂತ ಖುಷಿಪಡಬಹುದು, ಸುಮ್ನೆ. ಎರಡನೇ ಸಲವೂ ಅದೇ ಲ್ಯಾಬ್, ಹೆಚ್ಚು ಕಮ್ಮಿ ಅದೇ ಹೊತ್ತಿಗೆ ಕೊಡಿಸಿ.

ಇನ್ನೊಂದು, ಅಕ್ಕ ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ದೇಹಕ್ಕೆ ದಿನಕ್ಕೆ ಬೇಕಾಗುವುದು 30 ಮೈಕ್ರೋಗ್ರಾಂ, ಈ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುತ್ತದೆ, ಅಂದರೆ ನೂರಾರು ಪಟ್ಟು. ನಮ್ಮ ಅನೇಕ ಯಂತ್ರಗಳಲ್ಲಿ ಪರೀಕ್ಷೆ ನಡೆಯುವುದೇ ಬಯೋಟಿನ್ ಹಿಡಿಕೆಯ ಮೇಲೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ತೋರಿಸಬಹುದು. ಥೈರಾಯ್ಡ್ ಚೆನ್ನಾಗಿರುವವರ ರಿಪೋರ್ಟ್ ಅತಿಯಾಗಿ ಕೆಲಸ ಮಾಡುವವರ ಹಾಗೆ ಬರುತ್ತದೆ. ನಿಮ್ಮ ಅಕ್ಕನದು ಇದಕ್ಕೆ ಉಲ್ಟಾ, ಹಾಗಾಗಿ ಏರಿಕೆಗೆ ಅದು ಕಾರಣ ಅಲ್ಲ. ಆದರೂ ಮುಂದಿನ ಸಲ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದದ್ದನ್ನು ಲ್ಯಾಬಿನವರಿಗೂ ಹೇಳಿ.

‘ಫ್ರೀ’ ಅನ್ನುವುದು ಏನಂತ ಕೇಳುವವರು ಬಹಳ. ರಕ್ತದಲ್ಲಿರುವ ಟಿ4ನಲ್ಲಿ ಶೇಕಡಾ 99.9ಕ್ಕೂ ಮೀರಿ ಪ್ರೋಟೀನ್‌ಗೆ ಅಂಟಿಕೊಂಡು ಓಡಾಡುತ್ತದೆ. ಜೀವಕೋಶದೊಳಗೆ ಹೋಗುವುದು ಬಿಡಿಯಾಗಿರುವ ಆ ಚೂರು ಮಾತ್ರ. ಬಸುರಿಯಲ್ಲಿ, ಈಸ್ಟ್ರೋಜನ್ ಇರುವ ಮಾತ್ರೆ ನುಂಗುವವರಲ್ಲಿ ಆ ಪ್ರೋಟೀನ್ ಜಾಸ್ತಿ ಆಗಿ ಒಟ್ಟು ಟಿ4 ಏರಿದಂತೆ ಕಾಣುತ್ತದೆ, ಅದಕ್ಕೇ ಬಿಡಿಯಾಗಿರುವುದನ್ನು ಬೇರೆಯಾಗಿ ನೋಡುವುದು.

ಇಷ್ಟು ಸಣ್ಣ ಪ್ರಮಾಣ ಅಳೆಯಲು ಸಾಧ್ಯ ಆಗಿದ್ದೇ ರೊಸಲಿನ್ ಯಾಲೊ, ಸೊಲೊಮನ್ ಬರ್ಸನ್ ಅವರಿಂದ, 1950ರ ದಶಕದ ಕೊನೆಯಲ್ಲಿ, ಇನ್ಸುಲಿನ್ ಅಳೆಯುತ್ತಾ. ಮೇಷ್ಟ್ರು ಹೇಳಿದ ಅದೇ 1977ರ ನೊಬೆಲ್‌ನಲ್ಲಿ ಅರ್ಧ ಯಾಲೊ ಅವರದ್ದು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಕೌಂಟರಿಗೆ ಬಂದು "ಎಲ್ಲಾ ಹಾರ್ಮೋನ್ ಟೆಸ್ಟ್ ಮಾಡಿ" ಅನ್ನುವವರಿಗೆ ಏನು ಹೇಳಬೇಕೋ ನನಗಂತೂ ಇನ್ನೂ ಗೊತ್ತಾಗಿಲ್ಲ.

ರಾತ್ರಿಪಾಳಿ:

ಮೇಷ್ಟ್ರೇ, ಪಿಟ್ಯುಟರಿಯನ್ನು ಎಲ್ಲ ಕಡೆ ಮಾಸ್ಟರ್ ಗ್ಲ್ಯಾಂಡ್ ಅಂತ ಬರೆಯುತ್ತಾರಲ್ಲ, ಅದನ್ನು ಓದಿ ಜನ ಎಲ್ಲ ಹಾರ್ಮೋನೂ ಅದರ ಕೈಕೆಳಗೆ ಅಂದುಕೊಳ್ಳುತ್ತಾರೆ. ನಾನು ಶುಗರ್ ಇರುವವನು, ಇನ್ಸುಲಿನ್ ಬಗ್ಗೆ ಓದಿ ಓದಿ ಅರ್ಧ ಡಾಕ್ಟರ್ ಆಗಿದ್ದೇನೆ. ಇನ್ಸುಲಿನ್‌ಗೆ ಮೇಲೆ ಅಂಥ ಯಜಮಾನ ಇಲ್ಲ. ನರಗಳ ಮಾತು ಅಲ್ಪಸ್ವಲ್ಪ ಕೇಳುತ್ತದೆ, ಉಳಿದದ್ದೆಲ್ಲ ಸ್ವಂತ ತೀರ್ಮಾನ.

ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶದೊಳಗೆ ಏನಾಗುತ್ತದೆ ಅಂತ ಹಂತ ಹಂತವಾಗಿ ನೋಡಿದರೆ ನಿಜಕ್ಕೂ ಮಜಾ ಇದೆ. ರಕ್ತದಲ್ಲಿ ಸಕ್ಕರೆ ಏರಿದರೆ ಆ ಜೀವಕೋಶದೊಳಗೂ ಅಷ್ಟೇ ಏರುತ್ತದೆ, ಬಾಗಿಲು ಸದಾ ತೆರೆದಿರುತ್ತದೆ. ಜಾಸ್ತಿ ಬಂದಷ್ಟೂ ಜಾಸ್ತಿ ಸುಡುತ್ತದೆ, ಸುಟ್ಟಷ್ಟೂ ಎಟಿಪಿ, ಅಂದರೆ ಜೀವಕೋಶದ ಇಂಧನ, ಜಾಸ್ತಿ. ಪೊಟ್ಯಾಶಿಯಂ ಹೊರಗೆ ಹೋಗುವ ಒಂದು ಕಿಂಡಿ ಇದೆ, ಎಟಿಪಿ ಏರಿದರೆ ಅದು ಮುಚ್ಚುತ್ತದೆ. ಮುಚ್ಚಿದಾಗ ಪೊರೆಯ ವಿದ್ಯುತ್ ಬದಲಾಗಿ ಕ್ಯಾಲ್ಸಿಯಂ ಕಿಂಡಿ ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ ಕೂಡಲೇ ಪೊರೆಗೆ ತಾಗಿಕೊಂಡು ಕಾಯುತ್ತಿರುವ ಇನ್ಸುಲಿನ್ ಚೀಲಗಳು ಹೊರಗೆ ಬಾಯಿ ಬಿಡುತ್ತವೆ. ಇವು ಮೊದಲ ಹತ್ತು ನಿಮಿಷಕ್ಕೆ. ಆಮೇಲೆ ಒಳಗಿನಿಂದ ಹೊಸ ಚೀಲಗಳು ಬರುತ್ತಾ ಇರುತ್ತವೆ, ಸಕ್ಕರೆ ಇಳಿಯುವವರೆಗೂ. ಟೈಪ್ 2 ಶುರು ಆಗುವಾಗ ಮೊದಲು ಕೈಕೊಡುವುದು ಆ ಮೊದಲ ಹತ್ತು ನಿಮಿಷದ್ದೇ.

ಗ್ಲೈಮೆಪಿರೈಡ್ ತರಹದ ಹಳೇ ಮಾತ್ರೆಗಳು ಇದೇ ಪೊಟ್ಯಾಶಿಯಂ ಕಿಂಡಿಯನ್ನು ನೇರವಾಗಿ ಮುಚ್ಚುತ್ತವೆ. ಸಕ್ಕರೆ ಏರಿದೆಯೋ ಇಲ್ಲವೋ ಅವಕ್ಕೆ ಬೇಕಿಲ್ಲ. ಅದಕ್ಕೇ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ದಡಕ್ಕನೆ ಬೀಳುವುದು. ಯಾವುದಕ್ಕೆ ಯಾವಾಗ ತಿನ್ನಬೇಕು ಅಂತ ಬಾಯಿಪಾಠ ಮಾಡಿಕೊಳ್ಳುವುದಕ್ಕಿಂತ ಇದೊಂದು ಕಿಂಡಿ ಅರ್ಥವಾದರೆ ಸಾಕು.

ಇನ್ಸುಲಿನ್ ರಕ್ತದಲ್ಲಿ ಅರ್ಧ ಆಗಲು ಸುಮಾರು ಐದು ನಿಮಿಷ ಸಾಕು. ಟಿ4ಗೆ ವಾರ, ಇದಕ್ಕೆ ನಿಮಿಷ. ನಿಮಿಷ ನಿಮಿಷಕ್ಕೂ ತಿದ್ದಬೇಕಾದದ್ದು ಬೇಗ ಕರಗಲೇಬೇಕು, ಅಲ್ವಾ?

ಇನ್ನೊಂದು ವಿಷಯ. ಅಷ್ಟೇ ಗ್ಲೂಕೋಸನ್ನು ನರಕ್ಕೆ ಕೊಟ್ಟರೆ ಬರುವ ಇನ್ಸುಲಿನ್‌ಗಿಂತ ಬಾಯಲ್ಲಿ ಕುಡಿದರೆ ಬರುವುದು ಜಾಸ್ತಿ. ಕರುಳು ಮೊದಲೇ ಒಂದು ಹಾರ್ಮೋನ್ ಮೂಲಕ ಸುದ್ದಿ ಕಳಿಸುತ್ತದೆ, ಜಿಎಲ್‌ಪಿ-1 ಅಂತ. ಅದು ಒಂದೆರಡು ನಿಮಿಷದಲ್ಲಿ ನಾಶ ಆಗುತ್ತದೆ. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಔಷಧಿ ಅದರದೇ ನಕಲು, ವಾರಕ್ಕೊಂದು ಸೂಜಿ ಸಾಕಾಗುವಷ್ಟು ಬಾಳಿಕೆ ಬರುವಂತೆ ತಿದ್ದಿದ್ದಾರೆ.

ಪ್ರಶ್ನೆ ಕೇಳಿದವರಿಗೆ ಇದೆಲ್ಲ ಬೇಕಿರಲಿಲ್ಲವೇನೋ, ಆದರೂ ಹೇಳಬೇಕು ಅನ್ನಿಸಿತು.

ನಡುವೆ_ಒಂದ್_ಮಾತು:

ಇಷ್ಟೆಲ್ಲ ತಾನಾಗೇ ಸರಿ ಮಾಡಿಕೊಳ್ಳುವ ವ್ಯವಸ್ಥೆ ಇದೆ ಅಂದಮೇಲೆ "ಹಾರ್ಮೋನ್ ಬ್ಯಾಲೆನ್ಸ್" ಪುಡಿ, "ಕಾರ್ಟಿಸಾಲ್ ಇಳಿಸುವ" ಪಾನೀಯ ಇವೆಲ್ಲ ಏನು ಮಾಡುತ್ತವೆ? ಮನೆಯಲ್ಲಿ ಒಂದು ಡಬ್ಬಿ ಬಂದು ಕೂತಿದೆ.

ಹಳೇ_ಮೇಷ್ಟ್ರು:

ಯಾವ ಹಾರ್ಮೋನ್, ಎಷ್ಟಿತ್ತು, ಎಷ್ಟಕ್ಕೆ ತರುತ್ತದೆ ಅಂತ ಡಬ್ಬಿಯ ಮೇಲೆ ಇದೆಯಾ ನೋಡಿ. ಇರಲ್ಲ. ಒತ್ತಡದ ಹಾರ್ಮೋನ್ ಅಂತ ಕರೆಯುವ ಕಾರ್ಟಿಸಾಲ್ ಬೆಳಿಗ್ಗೆ ಏಳುವ ಹೊತ್ತಿಗೆ ಮೇಲಿರುತ್ತದೆ, ನಡುರಾತ್ರಿ ತಳ ಸೇರುತ್ತದೆ. ಬೆಳಿಗ್ಗೆಯದನ್ನು ಇಳಿಸಿದರೆ ಎದ್ದೇಳಲು ಆಗಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಇನ್ನೂ ಗಂಭೀರವಾದದ್ದು ಇದೆ. ಕಾರ್ಟಿಸಾಲ್‌ಗೆ ದಾಸ್ತಾನು ಇಲ್ಲ. ಪಿಟ್ಯುಟರಿಯಿಂದ ಎಸಿಟಿಎಚ್ ಅನ್ನುವ ಹಾರ್ಮೋನ್ ಬಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೊಲೆಸ್ಟ್ರಾಲ್ ತೆಗೆದುಕೊಂಡು ಆಗಲೇ ಮಾಡುತ್ತದೆ. ಹೊರಗಿನಿಂದ ಪ್ರೆಡ್ನಿಸೊಲೋನ್‌ನಂಥ, ಕಾರ್ಟಿಸಾಲ್ ತರಹದ್ದೇ ಆದ ಸ್ಟೀರಾಯ್ಡ್ ವಾರಗಟ್ಟಲೆ ಬಂದರೆ ಪಿಟ್ಯುಟರಿ "ಬೇಕಾದಷ್ಟಿದೆ" ಅಂತ ಸುಮ್ಮನಾಗುತ್ತದೆ. ಎಸಿಟಿಎಚ್ ಇಲ್ಲದೆ ಅಡ್ರಿನಲ್‌ನ ಹೊರಪದರ ಸೊರಗುತ್ತದೆ. ಒಂದು ದಿನ ಮಾತ್ರೆ ಪಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಿಪಿ ಇಳಿದು, ವಾಂತಿ ಆಗಿ, ಜೀವಕ್ಕೇ ಅಪಾಯ. ಮತ್ತೆ ಚೇತರಿಸಿಕೊಳ್ಳಲು ತಿಂಗಳುಗಳು ಬೇಕಾಗಬಹುದು, ಆದ್ದರಿಂದಲೇ ಡೋಸ್ ಮೆಲ್ಲಗೆ ಇಳಿಸುತ್ತಾರೆ.

ಪುಡಿಗೂ ಇದಕ್ಕೂ ಏನು ಸಂಬಂಧ ಅಂದರೆ, ಕೀಲು ನೋವಿಗೆ, ಉಬ್ಬಸಕ್ಕೆ ಅಂತ ಮಾರುವ ಪುಡಿಗಳಲ್ಲಿ ಹೇಳದೆ ಕೇಳದೆ ಸ್ಟೀರಾಯ್ಡ್ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಎರಡೇ ದಿನಕ್ಕೆ ಪವಾಡದಂತೆ ಗುಣ ಆದರೆ ಅನುಮಾನ ಪಡಿ. ಆಗಲೇ ತಿಂಗಳಿಂದ ತಿನ್ನುತ್ತಿದ್ದವರು ಇದನ್ನು ಓದಿ ಒಮ್ಮೆಗೇ ನಿಲ್ಲಿಸುವುದೂ ಬೇಡ, ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಓದ್ತಾ_ಇರೋಳು:

ಎಲ್ಲ ಕಡೆ ಜಾಸ್ತಿ ಆದರೆ ತಡೆ, ಜಾಸ್ತಿ ಆದರೆ ತಡೆ ಅಂತಲೇ ಇದೆ. ಹಾಗಾದರೆ ತಿಂಗಳಿಗೊಮ್ಮೆ ಅಂಡ ಬಿಡುಗಡೆ ಆಗುವುದು ಹೇಗೆ? ಅಲ್ಲಿ ಪಿಟ್ಯುಟರಿಯ ಎಲ್ಎಚ್ ಅನ್ನುವ ಹಾರ್ಮೋನ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ ಅಂತ ಓದಿದ್ದೆ.

ಹಳೇ_ಮೇಷ್ಟ್ರು:

ಒಳ್ಳೇ ಕಡೆ ಕೈ ಇಟ್ಟಿರಿ. ಅಲ್ಲಿ ಅದೇ ಈಸ್ಟ್ರೋಜನ್ ಎರಡು ಬೇರೆ ಬೇರೆ ಮಾತು ಆಡುತ್ತದೆ. ಕಮ್ಮಿ ಇರುವಾಗ ಪಿಟ್ಯುಟರಿಯನ್ನು ತಡೆಯುತ್ತದೆ. ಅಂಡಾಶಯದಲ್ಲಿ ಬೆಳೆಯುತ್ತಿರುವ ಅಂಡದ ಚೀಲದಿಂದ ಅದು ಏರಿ ಏರಿ, ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂ ದಾಟಿ, ಎರಡು ದಿನದಷ್ಟು ಹೊತ್ತು ಅಲ್ಲೇ ನಿಂತರೆ ಅದೇ ಈಸ್ಟ್ರೋಜನ್ ಎಲ್ಎಚ್ ಅನ್ನು ಮೇಲಕ್ಕೆ ತಳ್ಳುತ್ತದೆ. ಆ ಏರಿಕೆ ಶುರುವಾಗಿ ಒಂದೂವರೆ ದಿನದ ಆಸುಪಾಸಿನಲ್ಲಿ ಅಂಡ ಹೊರಬರುತ್ತದೆ. ಬರೀ ಮುಟ್ಟಿದರೆ ಸಾಲದು, ನಿಲ್ಲಬೇಕು ಅನ್ನುವುದು ಗಮನಿಸಿ. ಅಂಡ ಪಕ್ವ ಆಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಹೆರಿಗೆಯ ಆಕ್ಸಿಟೋಸಿನ್ ಕೂಡ ಇದೇ ಜಾತಿ, ನೋವು ಬಂದಷ್ಟೂ ಜಾಸ್ತಿ, ಜಾಸ್ತಿ ಬಂದಷ್ಟೂ ನೋವು, ಮಗು ಹೊರಗೆ ಬರುವವರೆಗೆ.

ಇನ್ನೂ ವಿಚಿತ್ರ ಒಂದಿದೆ. ಎಲ್ಎಚ್‌ಗೆ ಮೇಲಿನಿಂದ, ಅಂದರೆ ಹೈಪೋಥಲಾಮಸ್‌ನಿಂದ, ಆಜ್ಞೆಯಾಗಿ ಬರುವ ಜಿಎನ್‌ಆರ್‌ಎಚ್ ಗಂಟೆ ಒಂದೂವರೆ ಗಂಟೆಗೊಮ್ಮೆ ಮಿಡಿತದ ಹಾಗೆ ಬರಬೇಕು. ಬಿಡದೆ ಒಂದೇ ಸಮ ಕೊಟ್ಟರೆ ಪಿಟ್ಯುಟರಿ ಕಿವುಡಾಗಿ ಎಲ್ಎಚ್ ನಿಂತೇಹೋಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಟೆಸ್ಟೋಸ್ಟಿರಾನ್ ಇಳಿಸಲು ಕೊಡುವ ಲ್ಯುಪ್ರೊಲೈಡ್ ಕೆಲಸ ಮಾಡುವುದು ಹೀಗೇ. ಹಾರ್ಮೋನ್ ಎಷ್ಟಿದೆ ಅನ್ನುವಷ್ಟೇ ಹೇಗೆ ಬರುತ್ತಿದೆ ಅನ್ನುವುದೂ ಮುಖ್ಯ. ಒಂದು ಸಲ ರಕ್ತ ತೆಗೆದರೆ ಅದು ಕಾಣಲ್ಲ.

ಸುಮ್ನೆ_ಕೇಳ್ದೆ:

ಎಲ್ಲರಿಗೂ ಧನ್ಯವಾದ, ಅಕ್ಕನಿಗೂ ಓದಿಸಿದೆ, ಬಯೋಟಿನ್ ಇಲ್ಲವಂತೆ. ಒಂದೇ ಒಂದು ಬಾಕಿ. ಟಿ4 "ಮಿತಿಯೊಳಗೆ" ಇದ್ದಮೇಲೆ ಪಿಟ್ಯುಟರಿ ಯಾಕೆ ಕೂಗಬೇಕು? ಅದಕ್ಕೆ ಮಿತಿ ಗೊತ್ತಿಲ್ವಾ? ಮತ್ತೆ ಡಾಕ್ಟರ್ ಮುಂದಿನ ಸಲ ಟಿಪಿಒ ಆಂಟಿಬಾಡಿ ಅಂತಲೂ ಬರೆದಿದ್ದಾರೆ.

ಲ್ಯಾಬ್_ಕೋಟು:

ಆ ಮಿತಿ ನಾವು ಆರೋಗ್ಯವಾಗಿರುವ ಬಹಳ ಜನರನ್ನು ಅಳೆದು ಹಾಕಿದ ಗೆರೆ. ಒಬ್ಬೊಬ್ಬರ ಸ್ವಂತ ಟಿ4 ಆ ಅಗಲದೊಳಗೆ ಒಂದು ಸಣ್ಣ ಪಟ್ಟಿಯಲ್ಲೇ ವರ್ಷಗಟ್ಟಲೆ ಓಡಾಡುತ್ತದೆ. ಅಕ್ಕನದು ಮೊದಲು ಮಿತಿಯ ಮೇಲ್ಭಾಗದಲ್ಲಿದ್ದು ಈಗ ಕೆಳಭಾಗಕ್ಕೆ ಬಂದಿದ್ದರೆ ನಮ್ಮ ಕಾಗದದಲ್ಲಿ ‘ನಾರ್ಮಲ್’, ಅವರ ಪಿಟ್ಯುಟರಿಗೆ ಕಮ್ಮಿ. ಹಳೇ ರಿಪೋರ್ಟ್ ಇದ್ದರೆ ಹುಡುಕಿ ಡಾಕ್ಟರಿಗೆ ತೋರಿಸಿ, ಅದಕ್ಕೆ ಬೆಲೆ ಇದೆ.

ಟಿಪಿಒ ಅಂದರೆ ಅಯೋಡಿನ್ನನ್ನು ಪ್ರೋಟೀನಿಗೆ ಅಂಟಿಸುವ ಕಿಣ್ವ, ಮೇಷ್ಟ್ರು ಹೇಳಿದ ಆ ಅಂಟಿಸುವ ಕೆಲಸದ್ದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದಾಗ ಇದರ ವಿರುದ್ಧ ಆಂಟಿಬಾಡಿ ರಕ್ತದಲ್ಲಿ ಸಿಗುತ್ತದೆ. 1912ರಲ್ಲಿ ಜಪಾನಿನ ಹಕಾರು ಹಾಶಿಮೊಟೊ ವಿವರಿಸಿದ ಕಾಯಿಲೆ ಇದು. ಇಂಗ್ಲೆಂಡಿನ ವಿಕ್‌ಹ್ಯಾಮ್ ಅನ್ನುವಲ್ಲಿ ಜನರನ್ನು 20 ವರ್ಷ ಹಿಂಬಾಲಿಸಿ ನೋಡಿದ್ದರು. ಹೆಂಗಸರಲ್ಲಿ ಟಿಎಸ್‌ಎಚ್ ಏರಿಕೆ, ಆಂಟಿಬಾಡಿ ಎರಡೂ ಇದ್ದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 4 ಮಂದಿಗೆ ಥೈರಾಯ್ಡ್ ಪೂರ್ತಿ ಕಮ್ಮಿಯಾಯಿತು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ ಸುಮಾರು 2 ರಿಂದ 3. ಅಂದರೆ ಆಂಟಿಬಾಡಿ ಬಂದರೂ ನಾಳೆಯೇ ಏನೋ ಆಗಿಬಿಡಲ್ಲ, ಎಷ್ಟು ದಿನಕ್ಕೊಮ್ಮೆ ನೋಡಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಅಕ್ಕನಿಗೆ ಮಗು ಮಾಡಿಕೊಳ್ಳುವ ಯೋಚನೆ ಇದ್ದರೆ ಎರಡು ತಿಂಗಳು ಕಾಯದೆ ಈಗಲೇ ಡಾಕ್ಟರಿಗೆ ಹೇಳಲಿ, ಆಗ ಲೆಕ್ಕವೇ ಬೇರೆ. ಮಗುವಿನ ಥೈರಾಯ್ಡ್ ಕೆಲಸ ಶುರುಮಾಡುವವರೆಗೆ ಅದಕ್ಕೆ ತಾಯಿಯ ಟಿ4ಯೇ ಗತಿ.